ಕಿಸೆಗರಗಸ, ಕಸಿಚಾಕು ಮತ್ತು ನಾಕೆಯ ನ್ಯಾಯ

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಉತ್ತರ ಕನ್ನಡದ ಮತದಾನ ಮೇ 7ರಂದು ನಡೆಯಿತು. ಅಂಕೋಲೆಯ ಮಟ್ಟಿಗೆ ಅದು ಮತದ ಕಾಲಕ್ಕಿಂತ ಹೆಚ್ಚಾಗಿ ಮಾವಿನ ಕಾಲ. ಆ ದಿನಗಳಲ್ಲೊಂದು ಸಂಜೆ ನಮ್ಮ ಪರಿಚಯದ ತೋಟದ ಕೆಲಸಗಾರರೊಬ್ಬರು ಮುಖ ಸಪ್ಪೆ ಮಾಡಿಕೊಂಡು ನಮ್ಮಲ್ಲಿಗೆ ಬಂದರು. ಕಸಿ ಕಟ್ಟುವುದು, ಮಾವಿನ ಮರಕ್ಕೆ ಹಿಡಿದ ಬಂದಳಿಕೆಯನ್ನು ಟೊಂಗೆಸಹಿತ ಕೊಯ್ದು ಇಳಿಸುವುದು, ಒಣಗಿದ್ದನ್ನು ಸವರುವುದು, ಇದು ಅವರ ಕಸುಬು. ಹೆದ್ದಾರಿಯ ಒಂದು ತಪಾಸಣಾ ನಾಕೆಯಲ್ಲಿ ಅವರ ಕೈಚೀಲವನ್ನು ಸೋಸಿ ಎರಡು ವಸ್ತುಗಳನ್ನು ತೆಗೆದಿರಿಸಿಕೊಂಡರಂತೆ. ಒಂದು, ಹಿಡಿಕೆಯೊಳಗೆ ಮಡಚಿಕೊಳ್ಳುವ ಏಳಿಂಚಿನ ಗರಗಸ. ಇನ್ನೊಂದು, ಮೂರಿಂಚಿನ ಕಸಿಚಾಕು. ಅಲ್ಲಿದ್ದ ಸಿಪಾಯಿ ಚಾಕುವನ್ನು ಬಿಡಿಸಿ ನೋಡಿದ್ದಾನೆ. ಅದು 'ಖಟ್' ಎಂದು ನಿಂತಿದೆ. "ಬಟನ್ ಚಾಕು ಇಟ್ಕಂಡು ತಿರುಗ್ತಿಯಾ?" ಎಂದು ಗದರಿಸಿ ಎರಡನ್ನೂ ಮೇಜಿನ ಖಾನೆಗೆ ಹಾಕಿದ್ದಾನೆ. ರಸೀದಿ ಇಲ್ಲ, ಪಂಚನಾಮೆ ಇಲ್ಲ. ಚುನಾವಣೆ ಮುಗಿದ ಮೇಲೆ ಬಾ ಎಂದಷ್ಟೇ ಮಾತು.

ಇಷ್ಟನ್ನು ಹೇಳಿ ಅವರು ತಮ್ಮ ಬೆನ್ನಿನ ಕಡೆ ಕೈತೋರಿಸಿ ನಕ್ಕರು. "ಇದು ಮಾತ್ರ ಅವರ ಕಣ್ಣಿಗೇ ಬೀಳಲಿಲ್ಲ ನೋಡಿ ಮಾಸ್ತರೇ."

ಅವರ ಸೊಂಟದ ಕೊಕ್ಕೆಯಲ್ಲಿ ಗೇಣುದ್ದಕ್ಕೂ ಮಿಕ್ಕಿದ ಕತ್ತಿ ತೂಗುತ್ತಿತ್ತು. ತೆಂಗಿನಕಾಯಿಯನ್ನು ಒಂದೇ ಏಟಿಗೆ ಇಬ್ಭಾಗ ಮಾಡುವ ಕತ್ತಿ. ನಾಕೆಯಲ್ಲಿ ಮೂರು ಮಂದಿ ನಿಂತು ಅವರ ಚೀಲವನ್ನು ತಡಕಿದರು. ಮೂವರಲ್ಲಿ ಒಬ್ಬನೂ ಅದನ್ನು ಆಯುಧವೆಂದು ಎಣಿಸಲಿಲ್ಲ. ಎಣಿಸದಿದ್ದುದು ಸರಿಯೇ. ಆ ಸಿಪಾಯಿಯ ಅಪ್ಪನೂ ಅಂಥದೇ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ದೆಗೆ ಹೋದವನಿರಬೇಕು. ಕಂಡು ಬಲ್ಲ ಕತ್ತಿಗೆ ಹೆದರಿಕೆಯಿಲ್ಲ. ಕಂಡರಿಯದ ಸದ್ದಿಗೆ ಹೆದರಿಕೆ. ನಮ್ಮ ತಕರಾರು ಇಲ್ಲಿಂದ ಶುರುವಾಗುತ್ತದೆ.

ಮೊದಲು ಆ 'ಖಟ್' ಎಂಬ ಸದ್ದು ಎಲ್ಲಿಂದ ಬಂತೆಂದು ನೋಡೋಣ. ಮಡಚುವ ಚಾಕುಗಳಲ್ಲೆಲ್ಲ ಬಹುಮಟ್ಟಿಗೆ ಒಂದು ಸ್ಪ್ರಿಂಗು ಇರುತ್ತದೆ. ಹಿಡಿಕೆಯ ಬೆನ್ನಿನುದ್ದಕ್ಕೂ ಉಕ್ಕಿನ ಒಂದು ಪಟ್ಟಿ. ಅದು ಅಲಗಿನ ಬುಡವನ್ನು ಸದಾ ಒತ್ತಿಕೊಂಡಿರುತ್ತದೆ. ಮಡಚಿದಾಗ ಅಲಗು ತಾನಾಗಿ ತೆರೆಯದಂತೆ, ಬಿಡಿಸಿದಾಗ ತಾನಾಗಿ ಮಡಚದಂತೆ ಈ ಒತ್ತಡ ತಡೆಯುತ್ತದೆ. ನಮ್ಮ ಅಜ್ಜಂದಿರು ಅಡಿಕೆ ಹೋಳು ಮಾಡಿಕೊಳ್ಳುತ್ತಿದ್ದ ಚಿಕ್ಕ ಕಿಸೆಚಾಕುವಿನಲ್ಲಿದ್ದುದೂ ಇದೇ. ಇದಕ್ಕೊಂದು ದೋಷವಿದೆ. ಕೆಲಸ ಮಾಡುವಾಗ ಅಲಗಿನ ಬೆನ್ನಿಗೆ ಜೋರಾಗಿ ಒತ್ತಡ ಬಿದ್ದರೆ ಸ್ಪ್ರಿಂಗು ಸೋಲುತ್ತದೆ, ಅಲಗು ಮಡಚಿಕೊಂಡು ಬೆರಳಿನ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ಚಿಲಕ ಬಂತು. ಅಲಗಿನ ಬುಡದಲ್ಲೊಂದು ಕಚ್ಚು ಮಾಡಿ, ಸ್ಪ್ರಿಂಗು ಒತ್ತುವ ಪಟ್ಟಿಯ ತುದಿ ಅದರೊಳಗೆ ಬಿದ್ದು ಕೂರುವಂತೆ ಮಾಡಿದರು. ಹಾಗೆ ಬಿದ್ದು ಕೂತಾಗ ಬರುವ ಸದ್ದೇ ಆ 'ಖಟ್'. ಹಿಡಿಕೆಯ ಹಿಂಭಾಗವನ್ನು ಒತ್ತಿದ ಹೊರತು ಅಂಥ ಚಾಕು ಮಡಚುವುದಿಲ್ಲ. ಫ್ರಾನ್ಸಿನ ಹಳ್ಳಿಗರ ಕಿಸೆಯಲ್ಲಿ 1890ರಿಂದ ಇರುವ ಒಪಿನೆಲ್ ಎಂಬ ಮರದ ಹಿಡಿಕೆಯ ಚಾಕುವಿಗೂ 1955ರಲ್ಲಿ, ತೆರೆದ ಅಲಗು ಮಡಚದಂತೆ, ತಿರುಗಿಸಿ ಬಿಗಿಯುವ ಒಂದು ಉಂಗುರವನ್ನು ಸೇರಿಸಿದರು. ಕಾರಣ ಅದೇ, ಬೆರಳು.

ಮಡಚುವ ಗರಗಸಕ್ಕಂತೂ ಚಿಲಕ ಬೇಕೇ ಬೇಕು. ಈಗ ಪೇಟೆಗೆ ಬರುತ್ತಿರುವ ಟೊಂಗೆ ಕೊಯ್ಯುವ ಕಿಸೆಗರಗಸದ ಹಲ್ಲು ಹಿಂದಕ್ಕೆ ಮುಖ ಮಾಡಿರುತ್ತದೆ. ಬಡಗಿಯ ಗರಗಸದಂತೆ ದೂಡಿದಾಗ ಕೊಯ್ಯದೆ, ಎಳೆದಾಗ ಕೊಯ್ಯುತ್ತದೆ. ಎಳೆಯುವಾಗ ತಗಡು ಬಾಗುವುದಿಲ್ಲವಾದ್ದರಿಂದ ಅಲಗು ತೆಳ್ಳಗಿದ್ದರೂ ನಡೆಯುತ್ತದೆ, ಹಗುರವಾಗಿಯೂ ಇರುತ್ತದೆ. ಮರದ ಮೇಲೆ ಒಂದು ಕೈಯಲ್ಲಿ ಟೊಂಗೆ ಹಿಡಿದು ಕೂತವನಿಗೆ ಎಳೆಯುವುದು ಸುಲಭ. ಕತ್ತಿಯಿಂದ ಟೊಂಗೆ ಕಡಿದರೆ ತೊಗಟೆ ಸೀಳಿ ಮರಕ್ಕೆ ಗಾಯವಾಗುತ್ತದೆ, ಗಾಯದಲ್ಲಿ ನೀರು ನಿಂತು ಕೊಳೆಯುತ್ತದೆ. ಗರಗಸದ ಕೊಯ್ತ ಸಾಪಾಗಿರುತ್ತದೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ನಮಗೂ ಹೆಮ್ಮೆಯೇ. ಆದರೆ ಮನ್ನಣೆಯ ಕಾಗದದಿಂದ ಮರ ಹುಟ್ಟುವುದಿಲ್ಲ. ಗೊರಟೆ ನೆಟ್ಟರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಗೊರಟೆಯ ಸಸಿಯ ತಲೆ ಸವರಿ, ಸೀಳಿ, ಒಳ್ಳೆಯ ಮರದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ ಕಟ್ಟಬೇಕು. ಕೆತ್ತಿದ ಎರಡು ಮುಖಗಳ ನಡುವೆ ಕೂದಲೆಳೆಯ ಸಂದು ಉಳಿದರೂ ಕಸಿ ಹಿಡಿಯದು. ಇದಕ್ಕೆ ಬೇಕಾದ ಚಾಕುವನ್ನೇ ನಾಕೆಯವರು ಖಾನೆಗೆ ಹಾಕಿದ್ದು.

ಇನ್ನು ನಿಜವಾದ ಬಟನ್ ಚಾಕುವಿನ ಸಂಗತಿ. ಅದರ ಸ್ಪ್ರಿಂಗಿನ ಕೆಲಸ ತಿರುವುಮುರುವು. ಅಲಗನ್ನು ಮಡಚಿಟ್ಟಾಗ ಸ್ಪ್ರಿಂಗು ಅದುಮಿಕೊಂಡು ಕಾಯುತ್ತಿರುತ್ತದೆ. ಗುಂಡಿ ಒತ್ತಿದೊಡನೆ ಅಲಗನ್ನು ಹೊರಕ್ಕೆ ಹಾರಿಸುತ್ತದೆ. ಒಂದು ಸ್ಪ್ರಿಂಗು ಅಲಗನ್ನು ಹಿಡಿದಿಡುತ್ತದೆ, ಇನ್ನೊಂದು ಎಸೆಯುತ್ತದೆ. ಹೊರಗಿನಿಂದ ನೋಡಿದವನಿಗೆ ಎರಡೂ ಸ್ಪ್ರಿಂಗಿನ ಚಾಕುಗಳೇ.

ಹಾಗೆ ನೋಡಹೋದರೆ ಸ್ಪ್ರಿಂಗಿಗೆ ಹೆದರುವವರು ನಮ್ಮೂರ ಆಚಾರಿಯ ಕುಲುಮೆಗೆ ಒಮ್ಮೆ ಬರಬೇಕು. ಅಲ್ಲಿ ಮೂಲೆಯಲ್ಲಿ ರಾಶಿ ಬಿದ್ದಿರುವುದೆಲ್ಲ ಹಳೆಯ ಲಾರಿಗಳ ಕಮಾನು ಪಟ್ಟಿಗಳು. ಅದಕ್ಕಿಂತ ಒಳ್ಳೆಯ ಉಕ್ಕು ಬಡವನ ಕೈಗೆ ಬೇರೆಲ್ಲಿ ಸಿಗಬೇಕು? ಸೊಂಟದ ಕತ್ತಿ, ಹುಲ್ಲಿನ ಕುಡುಗೋಲು, ಮೀನು ಕೊಯ್ಯುವ ಹೆಂಗಸರ ಮೆಟ್ಟುಗತ್ತಿ, ಇವುಗಳಲ್ಲಿ ಎಷ್ಟೋ ಒಂದು ಕಾಲಕ್ಕೆ ಲಾರಿಯ ಸ್ಪ್ರಿಂಗೇ ಆಗಿದ್ದವು.

ಈ ಹೆದರಿಕೆ ನಮ್ಮ ನಾಡಿನಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೇರಿಕೆಯಲ್ಲಿ 1950ರ ದಶಕದಲ್ಲಿ ಪೇಟೆಯ ಹುಡುಗರ ಗುಂಪುಗಳ ಕೈಯಲ್ಲಿ ಹಾರುವ ಚಾಕು ಕಂಡು, ಸಿನಿಮಾದಲ್ಲಿ ಇನ್ನಷ್ಟು ಕಂಡು, ಜನ ಗಾಬರಿಯಾದರು. 1958ರಲ್ಲಿ ಅಲ್ಲಿನ ಕೇಂದ್ರ ಸರಕಾರ ಅಂಥ ಚಾಕುಗಳನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ವ್ಯಾಪಾರಕ್ಕಾಗಿ ಸಾಗಿಸಬಾರದೆಂದು ಕಾಯಿದೆ ಮಾಡಿತು. ಮರುವರ್ಷ, 1959ರಲ್ಲಿ, ಬ್ರಿಟನ್ನು ಅವುಗಳ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿತು. ಅಮೇರಿಕೆಯ ಆ ಕಾಯಿದೆಯಲ್ಲಿ ನಮಗೆ ಮೆಚ್ಚಿಗೆಯಾದ ಒಂದು ಸಾಲಿದೆ. ಒಂದೇ ಕೈ ಇರುವ ಮನುಷ್ಯ ಮೂರಿಂಚಿಗೆ ಮೀರದ ಅಲಗಿನ ಹಾರುವ ಚಾಕುವನ್ನು ಜೊತೆಗಿಟ್ಟುಕೊಳ್ಳಬಹುದು ಎಂಬ ವಿನಾಯಿತಿ. ಗಾಬರಿಯಲ್ಲಿ ಕಾಯಿದೆ ಬರೆದವರೂ, ಕಾರಖಾನೆಯಲ್ಲೋ ಯುದ್ಧದಲ್ಲೋ ಕೈ ಕಳೆದುಕೊಂಡವನು ತನ್ನ ಕೆಲಸ ಹೇಗೆ ಮಾಡಿಕೊಳ್ಳಬೇಕೆಂದು ಒಂದು ಕ್ಷಣ ಯೋಚಿಸಿದ್ದರು. ಇನ್ನೂ ಒಂದು ಸಂಗತಿ. 2009ರಲ್ಲಿ ಅದೇ ಕಾಯಿದೆಗೆ ತಿದ್ದುಪಡಿ ತಂದು, ಯಾವ ಚಾಕುವಿನ ಸ್ಪ್ರಿಂಗು ಅಲಗನ್ನು ಮುಚ್ಚಿಡುವ ಕಡೆಗೆ ಎಳೆಯುತ್ತದೋ, ಯಾವುದನ್ನು ಕೈಬಲದಿಂದಲೇ ಬಿಡಿಸಬೇಕೋ, ಅದು ಈ ನಿಷೇಧಕ್ಕೆ ಸೇರದು ಎಂದರು. ಹಿಡಿದಿಡುವ ಸ್ಪ್ರಿಂಗು ಬೇರೆ, ಎಸೆಯುವ ಸ್ಪ್ರಿಂಗು ಬೇರೆ ಎಂಬುದನ್ನು ಕಾಯಿದೆಯ ಪುಸ್ತಕದಲ್ಲಿ ಸೇರಿಸಲು ಅವರಿಗೆ ಐವತ್ತೊಂದು ವರ್ಷ ಹಿಡಿಯಿತು.

ನಮ್ಮ ದೇಶದ ಕಾಯಿದೆ ಏನನ್ನುತ್ತದೆ? ಇದನ್ನು ಅಂಗಡಿಕಾರ ಮಿತ್ರರು ಸ್ವಲ್ಪ ಗಮನವಿಟ್ಟು ಓದಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆ 'ಶಸ್ತ್ರ' ಎಂದರೇನೆಂದು ಹೇಳುವಾಗಲೇ, ಕೇವಲ ಮನೆವಾರ್ತೆಗೆ ಅಥವಾ ಬೇಸಾಯಕ್ಕೆಂದು ಮಾಡಿದ ವಸ್ತುಗಳನ್ನು ಅದರಿಂದ ಹೊರಗಿಟ್ಟಿದೆ. 1962ರ ನಿಯಮಾವಳಿಯಲ್ಲಿ ಅಳತೆಯನ್ನೂ ಕೊಟ್ಟರು. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಚಾಕು, ಕತ್ತಿ, ಈಟಿ ಮುಂತಾದವು ಶಸ್ತ್ರದ ಪಟ್ಟಿಗೆ ಬರುತ್ತವೆ. ಅಲ್ಲಿಯೂ ಮನೆಗೆಲಸಕ್ಕೆ, ಬೇಸಾಯಕ್ಕೆ, ವಿಜ್ಞಾನಕ್ಕೆ, ಕೈಗಾರಿಕೆಗೆ ಮಾಡಿದವುಗಳನ್ನು ಬಿಟ್ಟು ಎಂಬ ಮಾತಿದೆ. ಅಂದರೆ ಕಾಯಿದೆ ಮೊದಲು ಕೇಳುವ ಪ್ರಶ್ನೆ, ಈ ವಸ್ತುವನ್ನು ಯಾವ ಕೆಲಸಕ್ಕೆ ಮಾಡಿದ್ದಾರೆ ಎಂದು. ಆಮೇಲೆ ಅಳತೆ. ಸದ್ದಿನ ಪ್ರಸ್ತಾಪ ಅಲ್ಲಿ ಎಲ್ಲಿಯೂ ಇಲ್ಲ. ನಾವು ಹೇಳಿದ ಕಸಿಚಾಕುವಿಗೆ ಅಲಗು ಮೂರಿಂಚು, ಗರಗಸ ಏಳಿಂಚು. ಎರಡೂ ಬೇಸಾಯದ ಹತಾರಗಳು.

ಸ್ಪ್ರಿಂಗಿನ ಹೆಸರೆತ್ತಿ ಬರೆದದ್ದು ದಿಲ್ಲಿಯವರು. ಕೇಂದ್ರದ ಕಾಯಿದೆಯಡಿ 1980ರಲ್ಲಿ ದಿಲ್ಲಿ ಆಡಳಿತ ಒಂದು ಅಧಿಸೂಚನೆ ಹೊರಡಿಸಿತು. ಸ್ಪ್ರಿಂಗಿನಿಂದ ತೆರೆಯುವ, ಹಲ್ಲುಚಕ್ರದ ಮೇಲೆ 'ಕಟಕಟ' ಎಂದು ಬಿಚ್ಚುವ ಗರಾರಿಯ, ಗುಂಡಿಯ, ಅಥವಾ ಇನ್ನಾವುದೇ ಯಂತ್ರೋಪಾಯದ ಚಾಕು, ಅಲಗು 7.62 ಸೆಂಟಿಮೀಟರು ಉದ್ದ ಮತ್ತು 1.72 ಸೆಂಟಿಮೀಟರು ಅಗಲ ಅಥವಾ ಹೆಚ್ಚಿದ್ದರೆ, ದಿಲ್ಲಿಯಲ್ಲಿ ನಿರ್ಬಂಧಕ್ಕೊಳಗು. 7.62 ಸೆಂಟಿಮೀಟರು ಎಂದರೆ ಸರಿಯಾಗಿ ಮೂರಿಂಚು. ಈ ಅಧಿಸೂಚನೆಯಡಿ ಕಿಸೆಯಲ್ಲಿ ಬಟನ್ ಚಾಕು ಸಿಕ್ಕಿದವರ ಮೇಲೆ ದಿಲ್ಲಿಯಲ್ಲಿ ಮೊಕದ್ದಮೆ ಹೂಡುತ್ತ ಬಂದರು. ಅಂಥ ಒಂದು ಮೊಕದ್ದಮೆಯನ್ನು 2024ರಲ್ಲಿ ಸುಪ್ರೀಂ ಕೋರ್ಟು ರದ್ದುಮಾಡಿತು. ಅಧಿಸೂಚನೆ ಹೇಳುವುದು ತಯಾರಿಕೆ, ಮಾರಾಟ, ಮಾರಾಟಕ್ಕಾಗಿ ಅಥವಾ ಪರೀಕ್ಷೆಗಾಗಿ ಇಟ್ಟುಕೊಳ್ಳುವುದರ ವಿಷಯ, ಆರೋಪಪಟ್ಟಿಯಲ್ಲಿ ಹಾಗೊಂದು ಮಾತೇ ಇಲ್ಲವಲ್ಲ ಎಂದು ಕೋರ್ಟು ಕೇಳಿತು. ಆ ಅಧಿಸೂಚನೆ ದಿಲ್ಲಿಯದು, ಅಂಕೋಲೆಯದಲ್ಲ. ಆದರೂ ಅಂಗಡಿಕಾರರು ಅದರಿಂದ ಒಂದನ್ನು ತಿಳಿಯಬೇಕು. ಇಂಥ ನಿಯಮದ ಬಾಯಿಗೆ ಮೊದಲು ಬೀಳುವವನು ಕಿಸೆಯಲ್ಲಿಟ್ಟುಕೊಂಡವನಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವವನು.

ರಾಮಪುರದ ಚಾಕು ಮಾಡುವವರಿಗೆ ಏನಾಯಿತೆಂಬುದೂ ಇಲ್ಲಿ ನೆನಪಾಗುತ್ತದೆ. ಉತ್ತರ ಪ್ರದೇಶದ ಆ ಊರಿನ ಮಡಚುವ ಚಾಕು ನವಾಬರ ಕಾಲದಿಂದ ಹೆಸರುವಾಸಿ. ಹಿಂದಿ ಸಿನಿಮಾದ ಖಳರು ಅದನ್ನು ಕೈಯಲ್ಲಿ ಹಿಡಿದು ಹಿಡಿದು, ರಾಮಪುರಿ ಎಂದರೆ ಗೂಂಡಾ ಎಂಬ ಅರ್ಥ ಬಂತು. ನಿರ್ಬಂಧ ಬಂತು, ಅಗ್ಗದ ಸರಕು ಬಂತು, ಕುಶಲಕರ್ಮಿಗಳು ಒಬ್ಬೊಬ್ಬರಾಗಿ ಕಸುಬು ಬಿಟ್ಟರು. 2023ರಲ್ಲಿ ಅದೇ ಊರಿನ ಚೌಕದಲ್ಲಿ ಆರು ಮೀಟರಿಗೂ ಮಿಕ್ಕಿದ ಚಾಕುವೊಂದನ್ನು ಸ್ಮಾರಕವಾಗಿ ನಿಲ್ಲಿಸಿದರು. ಮಾಡುವವನು ಕಾಣೆಯಾದ ಮೇಲೆ ಮಾಡಿದ ವಸ್ತುವಿಗೆ ಮೆರವಣಿಗೆ!

ಸರಿ, ಕೇಂದ್ರದ ಕಾಯಿದೆಯಲ್ಲಿ ನಮ್ಮ ತೋಟದ ಕೆಲಸಗಾರರಿಗೆ ರಕ್ಷಣೆ ಇದೆಯೆಂದಾದರೆ ನಾಕೆಯವನು ಯಾವ ಬಲದಿಂದ ಚಾಕು ತೆಗೆದುಕೊಂಡ? ಪತ್ರಿಕೆಯಲ್ಲಿ ವಾಚಕರು ಓದಿರಬಹುದು. ಚುನಾವಣೆ, ಗಲಭೆ, ಹಬ್ಬ, ಮೆರವಣಿಗೆ ಏನಿದ್ದರೂ ಒಂದು ಪ್ರಕಟಣೆ ಬರುತ್ತದೆ. ಶಸ್ತ್ರ, ದೊಣ್ಣೆ, ಖಡ್ಗ, ಭರ್ಚಿ, ಗದೆ, ಬಂದೂಕು, ಚೂರಿ, ಕೋಲು, ಲಾಠಿ ಅಥವಾ ದೇಹಕ್ಕೆ ಅಪಾಯ ಮಾಡಬಲ್ಲ ಯಾವುದೇ ವಸ್ತುವನ್ನು ಒಯ್ಯಕೂಡದು ಎಂದು. ಈ ಭರ್ಚಿ ಗದೆಗಳು ಎಲ್ಲಿಂದ ಬಂದವೆಂದು ನಾವು ಬಹಳ ದಿನ ಸೋಜಿಗಪಟ್ಟಿದ್ದೆವು. ಬಯಲಾಟದ ಪಾತ್ರಧಾರಿಗಳನ್ನು ಬಿಟ್ಟರೆ ಈ ತಾಲೂಕಿನಲ್ಲಿ ಗದೆ ಹೊತ್ತು ತಿರುಗುವವರು ನಮಗೆ ತಿಳಿದಮಟ್ಟಿಗೆ ಯಾರೂ ಇಲ್ಲ. ಹುಡುಕಿದರೆ, ಅದು 1963ರ ಪೋಲೀಸ ಕಾಯಿದೆಯ 35ನೆಯ ಕಲಮಿನ ಪಟ್ಟಿ. ಅದಕ್ಕೂ ಹಿಂದೆ ಇದೇ ಪಟ್ಟಿ 1951ರ ಮುಂಬಯಿ ಪೋಲೀಸ ಕಾಯಿದೆಯ 37ನೆಯ ಕಲಮಿನಲ್ಲಿತ್ತು. ನಮ್ಮ ಜಿಲ್ಲೆ 1956ರ ತನಕ ಮುಂಬಯಿ ಪ್ರಾಂತಕ್ಕೆ ಸೇರಿತ್ತಷ್ಟೆ. ಹೀಗಾಗಿ ರಾಜ್ಯ ಬದಲಾಯಿತು, ಹೆಸರು ಬದಲಾಯಿತು, ಪಟ್ಟಿ ಮಾತ್ರ ಹಾಗೆಯೇ ನಮ್ಮ ಬೆನ್ನು ಹತ್ತಿ ಬಂತು. ಗದೆಯನ್ನು ಮರೆಯದ ಆ ಪಟ್ಟಿ, ಹೊಟ್ಟೆಪಾಡಿನ ಹತಾರವನ್ನು ಬಿಟ್ಟು ಎಂಬ ಎರಡು ಶಬ್ದಗಳನ್ನು ಮಾತ್ರ ಮರೆತಿದೆ.

ಇನ್ನೊಂದು ಪುಸ್ತಕವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಆಯುಧವೆಂದರೆ ಬಂದೂಕು, ಬಿಲ್ಲುಬಾಣಗಳ ಜೊತೆಗೆ ಚಾಕು, ಕೊಕ್ಕೆ, ಬಲೆಗಳೂ ಸೇರಿವೆ. ಅಭಯಾರಣ್ಯದೊಳಗೆ ಆಯುಧ ಒಯ್ಯಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಬೇಕು. ಬೇಟೆಗಾರನನ್ನು ತಡೆಯಲು ಇದು ಬೇಕು, ಒಪ್ಪಿದೆವು. ಆದರೆ ಜೋಯಿಡಾ ಕಡೆಯ ಕಾಡೊಳಗಿನ ಹಾಡಿಗಳಲ್ಲಿ ಸೊಂಟಕ್ಕೆ ಕತ್ತಿಯಿಲ್ಲದೆ ಮನೆಯಿಂದ ಹೊರಬೀಳುವ ಕುಣಬಿ ಎಲ್ಲಿದ್ದಾನೆ? ಹೀಗೆ ಒಂದೇ ಕತ್ತಿ ಒಂದು ಪುಸ್ತಕದ ಪ್ರಕಾರ ಬೇಸಾಯದ ಹತಾರ, ಎರಡನೆಯದರ ಪ್ರಕಾರ ಚುನಾವಣೆ ಬಂದಾಗ ಮಾರಕವಸ್ತು, ಮೂರನೆಯದರ ಪ್ರಕಾರ ಗಡಿಕಲ್ಲು ದಾಟಿದೊಡನೆ ಆಯುಧ. ಮೂರನ್ನೂ ಓದಿಕೊಂಡು ಹೊರಡಲು ದುಡಿಯುವವನು ವಕೀಲನಲ್ಲ. ಆಗ ಏನಾಗುತ್ತದೆಂದರೆ, ನಾಕೆಯಲ್ಲಿ ನಿಂತವನ ಮುಖ ನೋಡಿ ನ್ಯಾಯ ನಡೆಯುತ್ತದೆ. ಮೋಟಾರುಗಾಡಿಯ ಡಿಕ್ಕಿಯಲ್ಲಿ ಕೊಡಲಿಯಿದ್ದರೂ ಸಾಹುಕಾರರಿಗೆ ಸಲಾಮು. ಬಟ್ಟೆಯ ಚೀಲದಲ್ಲಿ ಮೂರಿಂಚು ಉಕ್ಕು ಇದ್ದರೂ ಬಡವನಿಗೆ ಗದರಿಕೆ.

ವಿನಾಯಿತಿ ಕೊಡುವುದು ಸರಕಾರಕ್ಕೆ ಬಾರದ ವಿದ್ಯೆಯೇ? ಅಲ್ಲ. ಸಿಖ್ಖರ ಕಿರ್ಪಾಣವನ್ನು ಸಂವಿಧಾನದ 25ನೆಯ ಅನುಚ್ಛೇದವೇ ಮನ್ನಿಸಿದೆ. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಪರವಾನಿಗೆಯಿಂದ ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ನಮಗೆ ಇದರಲ್ಲಿ ಯಾವ ಹೊಟ್ಟೆಕಿಚ್ಚೂ ಇಲ್ಲ. ನಂಬಿಕೆಗೆ ಮನ್ನಣೆ ಇದೆ, ಸಂಪ್ರದಾಯಕ್ಕೆ ಮನ್ನಣೆ ಇದೆ. ದುಡಿಮೆಗೂ ಮನ್ನಣೆ ಇದೆ, ಶಸ್ತ್ರಾಸ್ತ್ರ ಕಾಯಿದೆಯ ಎರಡನೆಯ ಕಲಮಿನಲ್ಲಿ. ಅದು ದಿಲ್ಲಿಯಿಂದ ಹೊರಟು ನಮ್ಮ ನಾಕೆಯ ತನಕ ಬಂದು ಮುಟ್ಟಿಲ್ಲ, ಅಷ್ಟೆ.

ಇನ್ನು ನಮ್ಮ ಎದುರಾಳಿಗಳು ಕೇಳುವ ಪ್ರಶ್ನೆ. ಬಟನ್ ಚಾಕುವನ್ನು ನೀವು ಸಮರ್ಥಿಸುತ್ತೀರೋ? ಇಲ್ಲ. ಬಂಡಿಹಬ್ಬದ ಪೇಟೆಯಲ್ಲಿ ಹಾಳೆ ಹಾಸಿಕೊಂಡು ಕೂತ ಹೊರಊರಿನ ವ್ಯಾಪಾರಿಯ ಮುಂದೆ ಹೊಳೆಯುವ ಹಿಡಿಕೆಯ ಗುಂಡಿ ಚಾಕುಗಳನ್ನು ನಾವೂ ಕಂಡಿದ್ದೇವೆ. ಅವುಗಳ ನಡುವೆ ಗುಂಡಿ ಒತ್ತಿದರೆ ಚಾಕುವಿನ ಬದಲು ಬಾಚಣಿಗೆ ಹಾರುವ ಆಟಿಕೆಯೂ ಇರುತ್ತದೆ, ಹುಡುಗರಿಗೆ ಅದೇ ಹೆಚ್ಚು ಇಷ್ಟ. ಹಾರುವ ಅಲಗಿನಿಂದ ಮಾಡುವ ಯಾವ ಕೆಲಸವೂ ಚಿಲಕದ ಚಾಕುವಿನಿಂದ ಆಗದ್ದಲ್ಲ. ಅದರ ಬುಡ ಸಡಿಲ, ಉಕ್ಕು ಮೆತ್ತಗೆ. ಕೆಲಸಕ್ಕೆ ಬಾರದ್ದು, ಜಗಳದಲ್ಲಿ ಮಾತ್ರ ಕೈಗೆ ಬೇಗ ಬರುವಂಥದು. ಹಾಗೆಂದು ಅದನ್ನು ಹಿಡಿದರೆ ಕೊಲೆ ನಿಲ್ಲುತ್ತದೆಂದು ಯಾರೂ ಭ್ರಮಿಸಬೇಕಿಲ್ಲ. ನಮ್ಮ ಕನ್ನಡ ಸಿನಿಮಾ 1995ರ 'ಓಂ' ಬಂದಂದಿನಿಂದ ಮೆರೆಸುತ್ತಿರುವುದು ಲಾಂಗು ಮಚ್ಚುಗಳನ್ನು, ಅವುಗಳಲ್ಲಿ ಸ್ಪ್ರಿಂಗೂ ಇಲ್ಲ, ಗುಂಡಿಯೂ ಇಲ್ಲ. ಗುಂಡಿ ಚಾಕುವನ್ನು ಮಾರದೆ ಇರುವುದೇ ಲೇಸೆಂದು ನಾವು ಅಂಗಡಿಕಾರರಿಗೆ ಹೇಳುತ್ತೇವೆ. ನಮ್ಮ ವಾದ ಅದರ ಪರವಾಗಿಲ್ಲ. ಅದರ ಹೆಸರಿನಲ್ಲಿ ಚಿಲಕದ ಚಾಕುವನ್ನೂ ಕಿಸೆಗರಗಸವನ್ನೂ ಬಾಚಿಕೊಂಡು ಹೋಗಬೇಡಿರೆಂದು ನಮ್ಮ ವಾದ.

ಇದನ್ನು ನಾವು ಇಷ್ಟು ಬಿಗಿಯಾಗಿ ಹೇಳಲು ನಮ್ಮದೇ ಒಂದು ತಪ್ಪು ಕಾರಣ. ನಾವು ಮಾಸ್ತರಿಕೆ ಮಾಡುತ್ತಿದ್ದ ದಿನಗಳಲ್ಲಿ ಐದನೆಯ ಇಯತ್ತೆಯ ಹುಡುಗನೊಬ್ಬನ ಕಂಪಾಸ ಪೆಟ್ಟಿಗೆಯಲ್ಲಿ ಮಡಚುವ ಚಾಕು ಸಿಕ್ಕಿತು. ಪೆನ್ಸಿಲು ಕೆತ್ತಲು ತಂದೆನೆಂದ. ನಾವು ಎರಡು ಬಿಗಿದು, ಚಾಕುವನ್ನು ಕಪಾಟಿಗೆ ಹಾಕಿ ಕೀಲಿ ಹಾಕಿದೆವು. ಶಿಸ್ತೆಂದರೆ ಹಾಗೆಯೇ ಎಂದು ಆಗ ತಿಳಿದಿದ್ದೆವು. ಎಂಟು ದಿನ ಬಿಟ್ಟು ಅವನ ತಾಯಿ ಬಂದಳು. ಮೀನುಗಾರರ ಮನೆ. "ಅದು ಅವನ ಅಜ್ಜಂದು ಮಾಸ್ತರೇ. ಹುಡುಗ ಕೇಳದೆ ತಂದದ್ದು ತಪ್ಪೇ. ಆದರೆ ಬಲೆಯ ನೂಲು ಕೊಯ್ಯೋದಕ್ಕೆ ಅವರ ಹತ್ರ ಬೇರೆ ಚಾಕು ಇಲ್ಲ. ಎಂಟು ದಿನದಿಂದ ಹಲ್ಲಲ್ಲೇ ಕಚ್ಚಿ ತುಂಡು ಮಾಡ್ತಿದಾರೆ" ಎಂದಳು. ಆ ಅಜ್ಜನಿಗೆ ಇದ್ದ ಹಲ್ಲುಗಳೆಷ್ಟೋ ನಾವು ಕೇಳಲಿಲ್ಲ. ಕಪಾಟು ತೆಗೆದು ಚಾಕು ಕೊಡುವಾಗ ನಮ್ಮ ಮುಖ ನಮಗೇ ನೆಟ್ಟಗಿರಲಿಲ್ಲ. ಒಂದು ಹತಾರ ಕೈಬಿಟ್ಟರೆ ಒಂದು ಮನೆಯ ಕೆಲಸ ನಿಲ್ಲುತ್ತದೆ ಎಂಬುದು ನಾಕೆಯ ಸಿಪಾಯಿಗೆ ತಿಳಿಯದೆ ಹೋದರೆ ನಾವು ಆಶ್ಚರ್ಯಪಡುವುದಿಲ್ಲ, ಮಾಸ್ತರಿಗೇ ತಿಳಿದಿರಲಿಲ್ಲ.

ಗಿರಣಿಯ ಕಾಮಗಾರ ಬಂಧುಗಳು ಇದು ತೋಟದವರ ಸಂಗತಿಯೆಂದು ಪುಟ ತಿರುಗಿಸಬಾರದು. ಬೆರಳಿನ ಬೆಲೆ ಅವರಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ. 1923ರ ಕಾಮಗಾರರ ನಷ್ಟಪರಿಹಾರ ಕಾಯಿದೆಯ ಪರಿಶಿಷ್ಟದಲ್ಲಿ ಅದನ್ನು ಅಂಕೆಯಲ್ಲಿ ಬರೆದಿಟ್ಟರು. ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೋ ಕಿರಿಬೆರಳಿಗೋ 7. ಅಕ್ಕಿ ಗಿರಣಿಯಲ್ಲಿ ಗೋಣಿಯ ಹೊಲಿಗೆ ಬಿಚ್ಚುವವನು, ಕೊಯ್ಯುವ ಗಿರಣಿಯಲ್ಲಿ ಪಟ್ಟಾ ಕತ್ತರಿಸುವವನು, ಕಾಗದದ ಕಾರಖಾನೆಯಲ್ಲಿ ಉರುಳಿಯ ಹೊದಿಕೆ ಸೀಳುವವನು, ಎಲ್ಲರ ಕಿಸೆಯಲ್ಲೂ ಒಂದು ಚಾಕು ಇರುತ್ತದೆ. ಬಹುಮಟ್ಟಿಗೆ ಚಿಲಕವಿಲ್ಲದ ಅಗ್ಗದ ಚಾಕು. ಅದು ಮಡಚಿಕೊಂಡು ಬಿದ್ದಾಗ ಮೊದಲು ಸಿಗುವುದು ತೋರುಬೆರಳು. ಕಾರಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವನು ಆ ನೂರಕ್ಕೆ 14ಕ್ಕಾಗಿ ಜಗಳವಾದರೂ ಆಡಬಹುದು. ಮರ ಹತ್ತುವವನಿಗೆ ಒಡೆಯನೇ ಇಲ್ಲ, ಒಂದು ದಿನಕ್ಕೊಂದು ತೋಟ. ಅವನ ಬೆರಳು ಹೋದರೆ ಹೋಯಿತು. ಚಿಲಕದ ಚಾಕು ಕೊಳ್ಳಿರೆಂದು ನಾವು ಅವನಿಗೆ ಹೇಳಬೇಕು. ಆದರೆ 'ಖಟ್' ಎಂದು ಸದ್ದು ಮಾಡುವುದು ಅದೇ ಚಾಕು, ನಾಕೆಯಲ್ಲಿ ಸಿಕ್ಕಿಬೀಳುವುದೂ ಅದೇ. ಕೈ ಕಾಯುವ ಹತಾರ ಜಪ್ತಾಗಿ, ಕೈ ಕೊಯ್ಯುವ ಹತಾರ ಪಾಸಾಗುವ ಏರ್ಪಾಡು ಇದು.

ಅಂಗಡಿಯವರ ಗೋಳು ಬೇರೆ. ಕಬ್ಬಿಣ ಸಾಮಾನಿನ ಅಂಗಡಿಯ ಸ್ನೇಹಿತರೊಬ್ಬರು ಹೇಳಿದರು, "ಕಿಸೆಗರಗಸ ತರಿಸಿದರೆ ನಾಲ್ಕು ದಿನದಲ್ಲಿ ಖರ್ಚಾಗ್ತದೆ. ಆದರೂ ತರಿಸೋದು ಬಿಟ್ಟೆ. ಯಾರೋ ಬಂದು ಬಿಚ್ಚಿ ನೋಡಿ, ಇದೇನು ಎಂದು ಕೇಳೋದು, ನಾನು ಚಹಾ ತರಿಸೋದು, ಒಂದು ಗರಗಸ ಹಾಗೇ ಹೋಗೋದು. ಲಾಭ ಎಲ್ಲಿ ಉಳೀತು?" ಇದಕ್ಕಿಂತ ಹೆಚ್ಚು ನಾವು ಬರೆಯುವುದಿಲ್ಲ, ವಾಚಕರು ಚಿಕ್ಕ ಮಕ್ಕಳಲ್ಲ.

ನಾವು ಕೇಳುವುದು ದೊಡ್ಡದೇನೂ ಅಲ್ಲ. ಕಾರವಾರದಿಂದ ಇನ್ನು ಮುಂದೆ ಹೊರಡುವ ಪ್ರತಿಯೊಂದು ನಿಷೇಧಾಜ್ಞೆಯಲ್ಲಿ ಒಂದು ಸಾಲು ಸೇರಬೇಕು: ಬೇಸಾಯ, ಮೀನುಗಾರಿಕೆ, ಮನೆವಾರ್ತೆ ಮತ್ತು ಕೈಗಾರಿಕೆಯ ಕೆಲಸಕ್ಕಾಗಿ ಮಾಡಿದ ಹತಾರಗಳನ್ನು ಕೆಲಸದ ಸಲುವಾಗಿ ಒಯ್ಯುವವರಿಗೆ ಇದು ಅನ್ವಯಿಸದು. ಈ ಮಾತು ಹೊಸದಲ್ಲ, ಶಸ್ತ್ರಾಸ್ತ್ರ ಕಾಯಿದೆಯಲ್ಲಿರುವ ಮಾತನ್ನೇ ಕೆಳಗಿನ ಆಜ್ಞೆಗೂ ಇಳಿಸುವುದು. ಮೆರವಣಿಗೆಯಲ್ಲಿ, ಮತಗಟ್ಟೆಯ ಸುತ್ತ ಕತ್ತಿ ಬೇಡವೆಂದರೆ ನಾವೇ ಮೊದಲು ಒಪ್ಪುತ್ತೇವೆ. ತೋಟಕ್ಕೆ ಹೋಗುವ ದಾರಿ ಮತಗಟ್ಟೆಯಲ್ಲ.

ಎರಡನೆಯದು ಜಪ್ತಿಯ ರೀತಿ. ಜಪ್ತಿ ಎಂಬ ಶಬ್ದ ಅಂಕೋಲೆಗೆ ಹೊಸದಲ್ಲ. 1930ರ ಏಪ್ರಿಲ್ 13ರಂದು ಉಪ್ಪಿನ ಕಾಯಿದೆ ಮುರಿದ ಊರಿದು, ಆಮೇಲಿನ ಕರನಿರಾಕರಣೆಯಲ್ಲಿ ಇಲ್ಲಿಯ ರೈತರ ಭೂಮಿ ಸಾಮಾನುಗಳು ಜಪ್ತಾದದ್ದನ್ನು ಹಿರಿಯರು ಮಕ್ಕಳಿಗೆ ಹೇಳಿದ್ದಾರೆ. ಆಗಿನದು ಪರರ ಸರಕಾರ. ಈಗಿನದು ನಮ್ಮದು, ನಿಯಮವೂ ನಮ್ಮದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಮಿನ ಪ್ರಕಾರ ಝಡತಿಯನ್ನೂ ಜಪ್ತಿಯನ್ನೂ, ವಸ್ತುಗಳ ಯಾದಿ ಮಾಡಿ ಸಾಕ್ಷಿಗಳ ಸಹಿ ಹಾಕಿಸುವುದನ್ನೂ ಧ್ವನಿಸಹಿತ ಚಿತ್ರೀಕರಿಸಬೇಕು. ಮೊಬೈಲಿನಲ್ಲಾದರೂ ಸರಿ. ಆದ್ದರಿಂದ ಚಾಕು, ಗರಗಸ ತೆಗೆದಿಟ್ಟುಕೊಂಡರೆ ಕೂಗಾಡಬೇಡಿರಿ, ಕೈಯೊಡ್ಡಿ ಬೇಡಲೂ ಬೇಡಿರಿ. ಯಾವ ಕಲಮಿನಡಿ ಎಂದು ಕೇಳಿರಿ, ಯಾದಿಯ ಪ್ರತಿ ಕೇಳಿರಿ, ಚಿತ್ರ ತೆಗೆಯಿರೆಂದು ಕೇಳಿರಿ. ಅಂಗಡಿಕಾರರು ಸಗಟು ಖರೀದಿಯ ಬಿಲ್ಲನ್ನು ಗಲ್ಲೆಯಲ್ಲೇ ಇಡಬೇಕು. ಬಿಲ್ಲಿನಲ್ಲಿ 'ಚಾಕು' ಎಂದಷ್ಟೇ ಬರೆಸದೆ 'ಕಸಿಚಾಕು', 'ಟೊಂಗೆ ಕೊಯ್ಯುವ ಗರಗಸ' ಎಂದು ಅಲಗಿನ ಅಳತೆಸಹಿತ ಬರೆಸಬೇಕು. ಗಿರಾಕಿಗೂ ಅಂಥದೇ ಒಂದು ಚೀಟಿ ಕೊಡಬೇಕು. ಒಂದು ಚೀಟಿ ಬರೆಯಲು ಎಷ್ಟು ಹೊತ್ತು?

ನಮ್ಮ ತೋಟದ ಕೆಲಸಗಾರರು ಚುನಾವಣೆ ಮುಗಿದ ವಾರ ನಾಕೆಯಿದ್ದ ಜಾಗಕ್ಕೆ ಹೋದರು. ನಾಕೆ ಕಿತ್ತು ಹೋಗಿತ್ತು, ಮೇಜೂ ಇರಲಿಲ್ಲ. ಯಾರಲ್ಲಿ ಕೇಳಬೇಕೆಂದು ಹೇಳುವವರೂ ಇರಲಿಲ್ಲ. ಕಾಗದವಿಲ್ಲದ ಜಪ್ತಿಗೆ ವಾಪಸಾತಿಯೂ ಇಲ್ಲವಷ್ಟೆ. ಮಳೆ ಹಿಡಿದ ಮೇಲೆ ಕಸಿಯ ಕಾಲ ಬಂತು. ಅವರು ಹೊಸ ಚಾಕು ಕೊಳ್ಳಲಿಲ್ಲ. ಕ್ಷೌರದ ಬ್ಲೇಡನ್ನು ಎರಡು ತುಂಡು ಮಾಡಿ, ಬಿದಿರಿನ ಕಡ್ಡಿಗೆ ನೂಲಿನಿಂದ ಬಿಗಿದು ಅದರಲ್ಲೇ ಕಸಿ ಕಟ್ಟಿದರು. ಎಷ್ಟು ಹಿಡಿದವು ಎಂದು ಕೇಳಿದೆವು. ಅವರು ಎಡಗೈಯ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ತೋರಿಸಿ, "ಗಿಡದ್ದು ಆಮೇಲೆ ಕೇಳಿ ಮಾಸ್ತರೇ, ಮೊದಲು ಇದು ಹಿಡೀಲಿ" ಎಂದರು.